ಗಾಳಿ ಬರಲಿ, ಮುಂಗುಸಿ ಬರದಿರಲಿ: ಚಳಿಗಾಲದ ಕೋಳಿಗೂಡಿಗೆ ಯಾವುದನ್ನು ಆರಿಸಬೇಕು?

ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ ಇದೆ. ಮಸಾಲೆ ವಿಷಯ ಏನೇ ಇರಲಿ, ಗೂಡನ್ನು ಮಾತ್ರ ಕೋಳಿ ಕೇಳಿಯೇ ಕಟ್ಟಬೇಕು. ನಾವು ಕೇಳುವುದಿಲ್ಲ. ನಮಗೆ ಚಳಿಯಾದ ಕೂಡಲೇ ಕೋಳಿಗೂ ಚಳಿ ಅಂತ ತೀರ್ಮಾನ ಮಾಡಿಬಿಡುತ್ತೇವೆ.

ಕೋಳಿ ಸಾಕಿದ ಮೊದಲ ಚಳಿಗಾಲದಲ್ಲಿ ನಾನೂ ಅದನ್ನೇ ಮಾಡಿದೆ. ಗೂಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ಶೀಟು ಹೊಡೆದು, ಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿದೆ. ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ಘಾಟು. ತಲೆ ಎತ್ತಿ ನೋಡಿದೆ. ತಗಡಿನ ಒಳಮೈ ತುಂಬ ನೀರಿನ ಹನಿ. ಒಂದೊಂದೇ ಹನಿ ಕೋಳಿಗಳ ಬೆನ್ನ ಮೇಲೆ ಟಪ್ ಅಂತ ಬೀಳುತ್ತಿತ್ತು. ಒಂದು ಹೇಂಟೆ ಸೀನುತ್ತಾ ಮೂಲೆಯಲ್ಲಿ ನಿಂತಿತ್ತು. ಹೊರಗೆ ಚಳಿ ಇತ್ತು, ಆದರೆ ಒಣಗಿತ್ತು. ನಾನು ಒಳಗೆ ಚಳಿಯ ಜೊತೆ ಮಳೆಗಾಲವನ್ನೂ ಮಾಡಿಟ್ಟಿದ್ದೆ.

ಹೆದರಿ ಎಲ್ಲವನ್ನೂ ಕಿತ್ತು ಹಾಕಿದೆ. ಮೇಲಿನ ಎರಡು ಕಿಂಡಿಗಳನ್ನು ಹಾಗೇ ತೆರೆದು ಬಿಟ್ಟೆ. ವಾರ ಕಳೆದಿರಲಿಲ್ಲ. ಬೆಳಕು ಹರಿದು ನಾನು ಗೂಡಿನ ಹತ್ತಿರ ಹೋಗುವಷ್ಟರಲ್ಲಿ ಆ ಕಿಂಡಿಯಿಂದಲೇ ಮುಂಗುಸಿ ಬಂದು ಹೋಗಿತ್ತು. ಎರಡು ಕೋಳಿ ಸತ್ತು ಬಿದ್ದಿದ್ದವು.

ಗೂಡಿನ ಗೋಳು ಇಷ್ಟೇ ನೋಡಿ. ಗಾಳಿಗೆ ಬಿಟ್ಟ ಜಾಗವೇ ಬೇಟೆಯ ಪ್ರಾಣಿಗೆ ಬಾಗಿಲು. ಬೇಟೆಯ ಪ್ರಾಣಿಗೆ ಅಂತ ಮುಚ್ಚಿದ ಜಾಗವೇ ತೇವಕ್ಕೆ ಮನೆ. ಮಾರುಕಟ್ಟೆಯಲ್ಲಿ ಸಿಗುವ ಯಾವ ವಸ್ತುವನ್ನು ಆರಿಸುವಾಗಲೂ ಈ ಎರಡನ್ನೂ ಒಟ್ಟಿಗೆ ಕೇಳಿಕೊಳ್ಳಬೇಕು.

ಜಾಲರಿ: ಆರು ಮೂಲೆಯದ್ದಾ, ಚೌಕದ್ದಾ?

ದುಡ್ಡು ಎಲ್ಲಿ ಮೊದಲು ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಜಾಲರಿಗೆ. ಹೀಟರ್‌ಗೆ ಅಲ್ಲ, ಚೆಂದದ ಮೊಟ್ಟೆ ಪೆಟ್ಟಿಗೆಗೂ ಅಲ್ಲ.

ಕೋಳಿ ಬಲೆ ಅಂತ ಅಂಗಡಿಯಲ್ಲಿ ಕೊಡುವುದು ತೆಳು ತಂತಿಯನ್ನು ಹೆಣೆದ ಆರು ಮೂಲೆಯ ಬಲೆ. ಕಡಿಮೆ ಬೆಲೆ, ಹಗುರ, ಹೇಗೆ ಬೇಕಾದರೂ ಬಗ್ಗುತ್ತದೆ. ಕೋಳಿಯನ್ನು ಒಳಗಿಡಲು ಅದು ಸಾಕು. ಹೊರಗಿನವರನ್ನು ಹೊರಗಿಡಲು ಸಾಲದು. ನಾಯಿ ಹಲ್ಲಲ್ಲಿ ಕಚ್ಚಿ ಎಳೆದರೆ ಹರಿಯುತ್ತದೆ. ಒಂದೆರಡು ಮಳೆಗಾಲ ಕಂಡ ಮೇಲೆ ಹೆಣಿಗೆಯ ಗಂಟಿನಲ್ಲೇ ತುಕ್ಕು ಹಿಡಿದು, ಕೈಯಲ್ಲಿ ಮುರಿದರೂ ಮುರಿಯುತ್ತದೆ. ಕಣ್ಣುಗಳು ಸಾಮಾನ್ಯವಾಗಿ 25 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡವು. ಇಲಿಗೂ ಸಣ್ಣ ಹಾವಿಗೂ ಅದು ಹೆದ್ದಾರಿ.

ಇನ್ನೊಂದು, ಬೆಸುಗೆ ಹಾಕಿದ ಚೌಕ ಕಣ್ಣಿನ ವೆಲ್ಡ್ ಮೆಷ್. ಅದರಲ್ಲಿ ಅರ್ಧ ಇಂಚಿನದ್ದು, ಅಂದರೆ ಸುಮಾರು 12 ಮಿಲಿಮೀಟರ್ ಕಣ್ಣಿನದ್ದು ತೆಗೆದುಕೊಳ್ಳಿ. ಬೆಲೆ ಜಾಸ್ತಿ, ಕತ್ತರಿಸುವಾಗ ಕೈ ಗೀರುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಆದರೆ ಮುಂಗುಸಿ, ಹೆಗ್ಗಣ, ಬೆಕ್ಕು, ನರಿ ಎಲ್ಲರಿಗೂ ಇದು ಒಂದೇ ಉತ್ತರ. ಹಾಗಾದರೆ ಇನ್ನೂ ಸಣ್ಣ ಕಣ್ಣಿನದ್ದು ಇನ್ನೂ ಒಳ್ಳೆಯದಲ್ವಾ? ಸುಂಡಿಲಿಯೂ ಬರಬಾರದು ಅಂದರೆ 6 ಮಿಲಿಮೀಟರ್‌ನದ್ದು ಬೇಕು, ನಿಜ. ಆದರೆ ಕೋಳಿಗೂಡಿನ ದೂಳು ಅದರ ಕಣ್ಣುಗಳಲ್ಲಿ ಕಟ್ಟಿಕೊಂಡು ಗಾಳಿಯೇ ನಿಲ್ಲುತ್ತದೆ. ಗಾಳಿಕಿಂಡಿಗೆ ಅದು ಬೇಡ.

ಇಡೀ ಅಂಗಳಕ್ಕೆ ವೆಲ್ಡ್ ಮೆಷ್ ಹಾಕಲು ದುಡ್ಡು ಸಾಲದಿದ್ದರೆ ಹೀಗೆ ಮಾಡಬಹುದು. ಕೋಳಿ ಮಲಗುವ ಗೂಡಿನ ಪ್ರತಿ ಕಿಂಡಿಗೂ ಚೌಕದ್ದು. ಹಗಲು ಓಡಾಡುವ ಆವರಣಕ್ಕೆ ಕೆಳಗಿನ ಮೂರಡಿ ಚೌಕದ್ದು, ಅದರ ಮೇಲೆ ಆರು ಮೂಲೆಯದ್ದು. ಮಲಗುವ ಕಡೆ ಮಾತ್ರ ರಾಜಿ ಬೇಡ.

ಹೊಡೆಯುವ ರೀತಿಯೂ ಮುಖ್ಯ. ಬರೀ ಸ್ಟೇಪಲ್ ಪಿನ್ ಹೊಡೆದ ಜಾಲರಿ ಒಳ್ಳೆಯ ಎಳೆತಕ್ಕೆ ಕಿತ್ತು ಬರುತ್ತದೆ. ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಇಲ್ಲವಾದರೆ ಸ್ಕ್ರೂಗೆ ಅಗಲ ವಾಷರ್ ಆದರೂ ಇರಲಿ. ಆಮೇಲೆ ಬೆರಳು ಸಿಕ್ಕಿಸಿ, ನಿಮ್ಮ ಮೈಭಾರ ಬಿಟ್ಟು ಜಗ್ಗಿ ನೋಡಿ. ನಿಮಗೆ ಬರದಿದ್ದರೆ ನಾಯಿಗೂ ಬರುವುದಿಲ್ಲ.

ನೆಲದ ಕಡೆಯಿಂದ ಬರುವವರು

ತೋಡುವ ಪ್ರಾಣಿಗೆ ಮೂರು ಉತ್ತರಗಳಿವೆ. ಜಾಲರಿಯನ್ನು ಗೋಡೆಯ ಕೆಳಗೆ ಒಂದಡಿ ಆಳಕ್ಕೆ ಹೂಳುವುದು ಒಂದು. ಕಾಂಕ್ರೀಟ್ ಹಾಕುವುದು ಇನ್ನೊಂದು. ಮೂರನೆಯದು ನನಗೆ ಇಷ್ಟವಾದದ್ದು. ಗೋಡೆಯ ಬುಡದಿಂದ ಹೊರಗೆ ಒಂದೂವರೆ ಅಡಿ ಅಗಲಕ್ಕೆ ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಮೇಲೆ ಮಣ್ಣೋ ಕಲ್ಲೋ ಹಾಕುವುದು. ತೋಡುವ ಪ್ರಾಣಿ ಗೋಡೆಗೆ ಮೂತಿ ತಾಗಿಸಿಕೊಂಡೇ ತೋಡಲು ಶುರು ಮಾಡುತ್ತದೆ. ಜಾಲರಿ ಸಿಕ್ಕರೆ ಆಚೀಚೆ ಸರಿದು ಅಲ್ಲೇ ತೋಡುತ್ತದೆಯೇ ಹೊರತು ಒಂದೂವರೆ ಅಡಿ ಹಿಂದೆ ಹೋಗಿ ಶುರು ಮಾಡುವ ಉಪಾಯ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕಂದಕ ತೋಡುವ ಕೆಲಸ ನಿಮಗೆ ತಪ್ಪಿತು. ಹುಲ್ಲು ಬೆಳೆದ ಮೇಲೆ ಜಾಲರಿ ಕಣ್ಣಿಗೂ ಬೀಳುವುದಿಲ್ಲ.

ಕಾಂಕ್ರೀಟ್ ತೊಳೆಯಲು ಸುಲಭ, ಹೆಗ್ಗಣಕ್ಕೆ ಪೂರ್ಣವಿರಾಮ. ಆದರೆ ಚಳಿಯಲ್ಲಿ ಮಂಜುಗಡ್ಡೆ ಇದ್ದಂತೆ ಇರುತ್ತದೆ. ದಪ್ಪ ಹಾಸು ಇಲ್ಲದೆ ಅದರ ಮೇಲೆ ಕೋಳಿ ಬಿಡಬೇಡಿ.

ಕಾಲು ಕೊಟ್ಟು ಎತ್ತರಿಸಿದ ಗೂಡು ಒಣಗಿರುತ್ತದೆ, ಒಳ್ಳೆಯದೇ. ಎತ್ತರಿಸುವುದಾದರೆ ಬಗ್ಗಿ ನೋಡಿ ಗುಡಿಸುವಷ್ಟು ಎತ್ತರಿಸಿ. ಗೇಣುದ್ದ ಎತ್ತರಿಸಿದ ಗೂಡು ಎಲ್ಲಕ್ಕಿಂತ ಕೆಟ್ಟದ್ದು. ಕೆಳಗೆ ಕತ್ತಲು, ಮೇಲೆ ಬೆಚ್ಚನೆಯ ಹಲಗೆ, ಚೆಲ್ಲಿದ ಕಾಳು. ಹೆಗ್ಗಣಕ್ಕೆ ಇನ್ನೇನು ಬೇಕು? ಹೆಗ್ಗಣ ಬಂದರೆ ಹಿಂದೆಯೇ ಹಾವು.

ಚಕ್ರ ಇರುವ, ದಿನಾ ಜಾಗ ಬದಲಿಸುವ ಗೂಡನ್ನು ನಾನು ಹಗಲಿಗೆ ಮಾತ್ರ ಒಪ್ಪುತ್ತೇನೆ. ನೀವು ಒಬ್ಬರೇ ತಳ್ಳುವಷ್ಟು ಹಗುರ ಅಂದರೆ ಎರಡು ನಾಯಿ ಸೇರಿ ಉರುಳಿಸುವಷ್ಟು ಹಗುರ. ತಗ್ಗು ದಿಣ್ಣೆಯ ಜಾಗದಲ್ಲಿ ಅಡಿಯಲ್ಲಿ ಸಂದು ಬೇರೆ.

ಬಾಗಿಲು ಹಾಕುವವರು ಯಾರು?

ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೋಲಿನ ಮೇಲೆ ಕೂತದ್ದು ಕೂತೇ ಇರುತ್ತದೆ, ಪಕ್ಕದ್ದನ್ನು ಎತ್ತಿಕೊಂಡು ಹೋದರೂ ಅಲ್ಲಾಡುವುದಿಲ್ಲ. ಆದ್ದರಿಂದ ಸಂಜೆ ಬಾಗಿಲು ಹಾಕುವ ಹತ್ತು ನಿಮಿಷ ಇಡೀ ದಿನದಲ್ಲಿ ಮುಖ್ಯ.

ಕೈಯಾರೆ ಹಾಕುವುದಕ್ಕೆ ಖರ್ಚಿಲ್ಲ. ನೀವು ಎಷ್ಟು ನಂಬಿಕಸ್ಥರೋ ಬಾಗಿಲೂ ಅಷ್ಟೇ. ತಾನಾಗಿ ಮುಚ್ಚುವ ಬಾಗಿಲುಗಳಲ್ಲಿ ಎರಡು ಬಗೆ. ಗಡಿಯಾರದ್ದು ಹೇಳಿದ ಹೊತ್ತಿಗೆ ಮುಚ್ಚುತ್ತದೆ, ಆದರೆ ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಆಗಾಗ ತಿದ್ದುತ್ತಿರಬೇಕು. ಬೆಳಕು ನೋಡಿ ಮುಚ್ಚುವುದು ಹೊತ್ತಿನ ಜೊತೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ಮೋಡ ಕವಿದ ಸಂಜೆ ಬೇಗ ಮುಚ್ಚಿ ಒಂದಿಬ್ಬರನ್ನು ಹೊರಗೇ ಬಿಡಬಹುದು. ಹಿತ್ತಿಲ ದೀಪ ಉರಿಯುತ್ತಿದ್ದರೆ ಮುಚ್ಚದೆಯೂ ಇರಬಹುದು. ಎರಡಕ್ಕೂ ಬ್ಯಾಟರಿಯ ಕಾಟ ಇದ್ದೇ ಇದೆ. ಚಳಿ ಹೆಚ್ಚಾದಷ್ಟು ಬ್ಯಾಟರಿಯ ಕಸುವು ಕಡಿಮೆ. ನನ್ನ ಆಯ್ಕೆ ಬೆಳಕಿನದ್ದು. ಆದರೂ ಟಾರ್ಚ್ ಹಿಡಿದು ತಲೆ ಎಣಿಸುವುದನ್ನು ಬಿಟ್ಟಿಲ್ಲ.

ಚಿಲಕದ ಬಗ್ಗೆ ಒಂದೇ ಮಾತು. ಮೂತಿಯಲ್ಲಿ ಎತ್ತಿದರೆ ಬಿಚ್ಚಿಕೊಳ್ಳುವ ಕೊಂಡಿ ಬೇಡ. ಒತ್ತಿ ತಿರುಗಿಸುವಂಥದ್ದು, ಇಲ್ಲವೇ ಅಗುಳಿ ಹಾಕಿ ಅದಕ್ಕೊಂದು ಸ್ಪ್ರಿಂಗ್ ಕ್ಲಿಪ್ಪು. ಎರಡು ಬಗೆಯ ಚಲನೆ ಬೇಕಾಗುವ ಚಿಲಕವನ್ನು ತೆಗೆಯುವುದು ಪ್ರಾಣಿಗೆ ಕಷ್ಟ.

ರಾತ್ರಿ ಬಾಗಿಲು ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಮುಂಗುಸಿ, ಗಿಡುಗ, ನಾಯಿ ಹಗಲಲ್ಲೇ ಬರುತ್ತವೆ. ಗಿಡುಗಕ್ಕೆ ಆವರಣದ ಮೇಲೆ ಬಲೆ ಸಾಕು. ಮಳೆ ಅಥವಾ ಹಿಮ ಬೀಳುವ ಕಡೆ ಬಲೆಗಿಂತ ಗಟ್ಟಿ ಚಾವಣಿ ಒಳ್ಳೆಯದು. ಬಲೆ ಹಿಮದ ಭಾರಕ್ಕೆ ಜೋತು ಬೀಳುತ್ತದೆ, ಚಾವಣಿ ನೆಲವನ್ನೂ ಒಣಗಿಸಿಡುತ್ತದೆ. ಮಿಣಮಿಣ ಹೊಳೆಯುವ ಪಟ್ಟಿ, ಬೆದರುಬೊಂಬೆ ಇವೆಲ್ಲ ನಾಲ್ಕು ದಿನದ ಸಂಭ್ರಮ. ಹುಂಜ ಕೂಗಿ ಎಚ್ಚರಿಸುತ್ತದೆ, ಕಾದಾಡಿ ಗೆಲ್ಲುವುದು ಅಪರೂಪ.

ಮುಚ್ಚಬೇಕಾ, ತೆರೆಯಬೇಕಾ?

ಈಗ ಚಳಿಯ ವಿಷಯಕ್ಕೆ ಬರೋಣ. ಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ನಮಗೆ ಅಷ್ಟಿದ್ದರೆ ಆಸ್ಪತ್ರೆಗೆ ಓಡುತ್ತೇವೆ. ಚಳಿಯಾದಾಗ ಅದು ಪುಕ್ಕ ಉಬ್ಬಿಸುತ್ತದೆ. ಪುಕ್ಕದ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೇ ಅದರ ಹೊದಿಕೆ. ಪೂರ್ತಿ ಪುಕ್ಕ ಬಂದ, ಆರೋಗ್ಯವಾಗಿರುವ ದೊಡ್ಡ ಕೋಳಿ ಮೈ ಒಣಗಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಮೈ ಒದ್ದೆಯಾದರೆ, ಇಲ್ಲವೇ ಬೀಸುಗಾಳಿ ಪುಕ್ಕ ಬಿಡಿಸಿದರೆ, ಹೊದಿಕೆ ಹೋಯಿತು.

ಒದ್ದೆ ಎಲ್ಲಿಂದ ಬರುತ್ತದೆ? ಕೋಳಿಯಿಂದಲೇ. ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು. ಉಸಿರಲ್ಲಿ ಹೋಗುವ ಆವಿ ಬೇರೆ. ಮುಚ್ಚಿದ ಗೂಡಿನಲ್ಲಿ ಈ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಗಡ್ಡೆ ಕಟ್ಟುವ ಚಳಿಯಲ್ಲಿ ಇದೇ ತೇವ ಜುಟ್ಟಿನ ತುದಿಗೆ ಕುಳಿತು, ತುದಿ ಬಿಳಿಚಿ, ಆಮೇಲೆ ಕಪ್ಪಾಗಿ ಸಾಯುತ್ತದೆ. ಜೊತೆಗೆ ಹಿಕ್ಕೆಯಿಂದ ಏಳುವ ಅಮೋನಿಯಾ. ಹತ್ತು ಲಕ್ಷಕ್ಕೆ 25 ಪಾಲು ಮುಟ್ಟಿದರೆ ಅದು ಕೋಳಿಯ ಉಸಿರಾಟಕ್ಕೆ ಕೆಡುಕು. ನಮ್ಮ ಮೂಗಿಗೆ ಘಾಟು ಗೊತ್ತಾಗುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ನಿಂತು ಮೂಸಿದರೆ ಸಾಲದು. ಕೋಳಿಯ ತಲೆಯ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರು ಎಳೆಯಿರಿ.

ಹಾಗಾಗಿ ಉತ್ತರ ಎರಡೂ ಹೌದು. ಮೇಲೆ ತೆರೆಯಿರಿ, ಕೆಳಗೆ ಮುಚ್ಚಿ. ಚಾವಣಿಯ ಅಂಚಿನ ಕೆಳಗೆ, ಕೂತ ಕೋಳಿಯ ತಲೆಗಿಂತ ಎತ್ತರದಲ್ಲಿ, ಎದುರು ಬದುರು ಗೋಡೆಗಳಲ್ಲಿ ಕಿಂಡಿ ಇರಲಿ. ಕೋಳಿಗೊಂದು ಚದರಡಿ ಕಿಂಡಿ ಅನ್ನುವುದು ಸಾಕುವವರಲ್ಲಿ ಬಳಕೆಯಲ್ಲಿರುವ ಲೆಕ್ಕ. ಕಡುಚಳಿಯಲ್ಲಿ ಸ್ವಲ್ಪ ಮುಚ್ಚಬಹುದು, ಪೂರ್ತಿ ಬೇಡ. ಪ್ರತಿ ಕಿಂಡಿಗೂ ಮೇಲೆ ಹೇಳಿದ ಚೌಕ ಜಾಲರಿ. ನನ್ನ ಎರಡು ಕೋಳಿ ಹೋದದ್ದು ಈ ಒಂದು ಸಾಲನ್ನು ಮರೆತದ್ದಕ್ಕೆ.

ಗಾಳಿ ಆಡುವುದಕ್ಕೂ ಬೀಸುವುದಕ್ಕೂ ವ್ಯತ್ಯಾಸ ತಿಳಿಯಲು ಒಂದು ಸುಲಭ ಉಪಾಯ. ಗೂಡಿನಲ್ಲೇ ಬಿದ್ದಿರುವ ಒಂದು ಸಣ್ಣ ಪುಕ್ಕವನ್ನು ದಾರಕ್ಕೆ ಕಟ್ಟಿ, ಕೋಳಿ ಕೂರುವ ಮಟ್ಟದಲ್ಲಿ ಇಳಿಬಿಡಿ. ಹೊರಗೆ ಗಾಳಿ ಇರುವ ರಾತ್ರಿ ಹೋಗಿ ನೋಡಿ. ಪುಕ್ಕ ಸುಮ್ನೆ ನೇತಾಡುತ್ತಿದ್ದರೆ ಸರಿ. ಗರಗರ ಸುತ್ತುತ್ತಿದ್ದರೆ ಕೆಳಗೆಲ್ಲೋ ಸಂದು ಇದೆ, ಹುಡುಕಿ ಮುಚ್ಚಿ.

ಗೋಡೆಗೆ ಬೆಚ್ಚನೆಯ ಪದರ ಬೇಕಾದರೆ ಮೊದಲು ಚಾವಣಿಗೆ ಹಾಕಿ. ಹನಿ ಕಟ್ಟುವುದು ಅಲ್ಲೇ. ಥರ್ಮೋಕೋಲ್ ಹಾಕಿದರೆ ಮೇಲೆ ಹಲಗೆ ಮುಚ್ಚಲೇಬೇಕು. ಕೋಳಿಗಳಿಗೆ ಥರ್ಮೋಕೋಲ್ ಅಂದರೆ ಅದೇನು ಪ್ರೀತಿಯೋ, ಕುಕ್ಕಿ ಕುಕ್ಕಿ ತಿನ್ನುತ್ತವೆ. ಹುಲ್ಲಿನ ಕಟ್ಟುಗಳನ್ನು ಗೋಡೆಗೆ ಒತ್ತರಿಸಿಡುವುದು ಬೆಚ್ಚಗೇನೋ ಹೌದು, ಇಲಿಗಳಿಗೂ ಬೆಚ್ಚಗೆ.

ಬಲ್ಬು, ಬಿಸಿ ಫಲಕ, ಏನೂ ಇಲ್ಲ

ದೊಡ್ಡ ಕೋಳಿಗಳಿಗೆ ನನ್ನ ಆಯ್ಕೆ: ಏನೂ ಇಲ್ಲ.

250 ವಾಟ್‌ನ ಬಿಸಿ ಬಲ್ಬು ಒಣ ಹಾಸಿನ ಮೇಲೆ, ಪುಕ್ಕದ ದೂಳಿನ ನಡುವೆ ತೂಗುತ್ತಿರುತ್ತದೆ. ಒಂದು ಕೋಳಿ ಹಾರಿ ತಾಗಿದರೆ, ಕೊಂಡಿ ಜಾರಿದರೆ, ಗೂಡೇ ಹೊತ್ತಿಕೊಳ್ಳುತ್ತದೆ. ಇನ್ನೊಂದು ಅಪಾಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಒಡೆಯದಿರಲಿ ಅಂತ ಕೆಲವು ಬಲ್ಬುಗಳಿಗೆ ಟೆಫ್ಲಾನ್ ಬಗೆಯ ಲೇಪ ಇರುತ್ತದೆ. ಕಾದಾಗ ಅದರಿಂದ ಬರುವ ಹೊಗೆ ಹಕ್ಕಿಗಳಿಗೆ ವಿಷ. ಇದೆಲ್ಲ ಆಗದಿದ್ದರೂ, ಬೆಚ್ಚಗೆ ಅಭ್ಯಾಸವಾದ ಕೋಳಿಗೆ ನಡುರಾತ್ರಿ ಕರೆಂಟು ಹೋದರೆ ತಡೆಯುವುದು ಕಷ್ಟ. ಚಳಿ ನಿಧಾನವಾಗಿ ಏರುತ್ತಾ ಬಂದರೆ ಅದು ಹೊಂದಿಕೊಳ್ಳುತ್ತದೆ, ಒಂದೇ ಸಲ ಬಂದರೆ ಇಲ್ಲ.

ಗೋಡೆಗೆ ಹಾಕುವ, ಮುಟ್ಟಿದರೆ ಸುಡದ ಬಿಸಿ ಫಲಕ ಇದಕ್ಕಿಂತ ವಾಸಿ. ಕಾಯಿಲೆಯ ಕೋಳಿ, ಮುದಿ ಕೋಳಿ, ಚಳಿಯಲ್ಲೇ ಪುಕ್ಕ ಉದುರಿಸಿಕೊಂಡ ಕೋಳಿಗೆ ಒಂದು ಮೂಲೆಯಲ್ಲಿ ಇರಲಿ. ಬೇಕಾದದ್ದು ಹತ್ತಿರ ಹೋಗುತ್ತದೆ, ಬೇಡವಾದದ್ದು ದೂರ ಕೂರುತ್ತದೆ.

ಮೊಟ್ಟೆ ಕಡಿಮೆಯಾಯಿತು ಅಂತ ಬಲ್ಬು ಹಾಕುವವರಿದ್ದಾರೆ. ಅದು ಬೇರೆ ವಿಷಯ. ಮೊಟ್ಟೆ ನಿಲ್ಲುವುದು ಮುಖ್ಯವಾಗಿ ಹಗಲು ಚಿಕ್ಕದಾದದ್ದಕ್ಕೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಇದ್ದರೆ ಇಡುತ್ತವೆ. ಅದಕ್ಕೆ ಒಂದು ಸಣ್ಣ ಎಲ್‌ಇಡಿ ಸಾಕು. ಸಂಜೆಗಲ್ಲ, ನಸುಕಿಗೆ ಹಾಕಿ. ಸಂಜೆ ದೀಪ ಫಕ್ಕನೆ ಆರಿದರೆ ನೆಲದಲ್ಲಿದ್ದ ಕೋಳಿ ಕತ್ತಲಲ್ಲಿ ಕೋಲು ಹತ್ತಲಾರದೆ ಅಲ್ಲೇ ಉಳಿಯುತ್ತದೆ.

ಹಾಸು ಮತ್ತು ಕೂರುವ ಕೋಲು

ಮರಳು ಜರಡಿ ಹಿಡಿಯಲು ಚೆಂದ, ಬೇಸಿಗೆಗೆ ತಂಪು. ಚಳಿಗಾಲಕ್ಕೂ ತಂಪೇ, ತೊಂದರೆ ಅದೇ. ದಿನಾ ಹೆರೆದು ತೆಗೆಯುವ ಬರೀ ಹಲಗೆ ಶುಚಿ, ಆದರೆ ದಿನಾ ಅಂದರೆ ದಿನಾ. ನಾನು ಚಳಿಗಾಲಕ್ಕೆ ಆಳ ಹಾಸನ್ನೇ ಆರಿಸುತ್ತೇನೆ. ಮರದ ಚಕ್ಕೆ ಅಥವಾ ಹೊಟ್ಟು ನಾಲ್ಕು ಇಂಚು ಹಾಕಿ ಶುರು ಮಾಡಿ. ವಾರಕ್ಕೊಮ್ಮೆ ಕೆದಕಿ, ಮೇಲೆ ಹೊಸತು ಸೇರಿಸುತ್ತಾ ಒಂದಡಿ ಹತ್ತಿರಕ್ಕೆ ತನ್ನಿ. ಒಳಗೆ ಗೊಬ್ಬರವಾಗುವ ಕೆಲಸ ನಡೆದು ಸ್ವಲ್ಪ ಬಿಸಿಯೂ ಹುಟ್ಟುತ್ತದೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ಕೈ ಬಿಚ್ಚಿದಾಗ ಉದುರಿದರೆ ಸರಿ. ಉಂಡೆ ಹಾಗೇ ನಿಂತರೆ ತೇವ ಜಾಸ್ತಿ, ಒಣ ಹೊಟ್ಟು ಬೇಕು. ಮೇಲಿನ ಕಿಂಡಿ ಕಡಿಮೆಯಾಗಿದೆ ಅನ್ನುವುದಕ್ಕೂ ಆ ಉಂಡೆಯೇ ಸಾಕ್ಷಿ.

ಕೂರುವ ಕೋಲು ದುಂಡಗಿಂತ ಚಪ್ಪಟೆ ಒಳ್ಳೆಯದು. ಮೂರು ಇಂಚು ಅಗಲದ ಮರದ ಪಟ್ಟಿಯ ಮೇಲೆ ಪಾದ ಊರಿ ಕೂತರೆ ಹೊಟ್ಟೆಯ ಪುಕ್ಕ ಬೆರಳುಗಳನ್ನು ಮುಚ್ಚುತ್ತದೆ. ಕಬ್ಬಿಣದ ಪೈಪು ಬೇಡ. ಕೋಳಿಗೆ ಮುಕ್ಕಾಲರಿಂದ ಒಂದಡಿ ಜಾಗ. ಜಾಲರಿಯಿಂದ ಒಂದಡಿ ದೂರ ಇರಲಿ, ಹೊರಗಿನಿಂದ ಪಂಜ ಹಾಕಿ ಎಳೆಯುವವರೂ ಇದ್ದಾರೆ.

ತಳಿ ಇನ್ನೂ ಆರಿಸಿಲ್ಲ ಅಂದರೆ ಜುಟ್ಟು ನೋಡಿ. ಲೆಗ್‌ಹಾರ್ನ್‌ನಂಥ ಎತ್ತರದ ಜುಟ್ಟು ಹಿಮಕ್ಕೆ ಬೇಗ ಸಿಗುತ್ತದೆ. ಬ್ರಹ್ಮ, ವಯಾಂಡಾಟ್‌ಗಳದ್ದು ತಲೆಗೆ ಅಂಟಿದ ಗಿಡ್ಡ ಜುಟ್ಟು. ಕತ್ತು ಬೋಳು ಇರುವ ತಳಿ ಸೆಕೆಗೆ ಸರಿ, ಚಳಿಗಲ್ಲ.

ಸಂಜೆ ಒಂದು ಹಿಡಿ ಇಡೀ ಕಾಳು ಕೊಡಿ, ರಾತ್ರಿಯಿಡೀ ಅರಗುತ್ತಾ ಮೈ ಬಿಸಿ ಮಾಡುತ್ತದೆ. ನೀರಿನ ಪಾತ್ರೆ ರಾತ್ರಿ ಗೂಡಿನೊಳಗೆ ಬೇಡ. ಕತ್ತಲಲ್ಲಿ ಅವು ಕುಡಿಯುವುದಿಲ್ಲ, ತೇವ ಮಾತ್ರ ಹೆಚ್ಚುತ್ತದೆ. ಬೆಳಿಗ್ಗೆ ಮೊದಲ ಕೆಲಸ ಹೊಸ ನೀರು. ನೀರು ಗಡ್ಡೆ ಕಟ್ಟುವ ಕಡೆ ರಬ್ಬರ್ ಬೋಗುಣಿ ಒಳ್ಳೆಯದು, ಮಗುಚಿ ತುಳಿದರೆ ಗಡ್ಡೆ ಉದುರುತ್ತದೆ.

ಬಂದದ್ದು ಯಾರು?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತ ನಗಬೇಡಿ. ಒಮ್ಮೆ ಬಂದದ್ದು ಮತ್ತೆ ಬರುತ್ತದೆ. ಕೋಳಿ ಪೂರ್ತಿ ಮಾಯವಾಗಿ, ಬೇಲಿಯವರೆಗೆ ಪುಕ್ಕದ ಜಾಡು ಇದ್ದರೆ ನರಿಯ ಜಾತಿ ಇರಬಹುದು. ನಾಲ್ಕಾರು ಸತ್ತು, ತಿನ್ನದೇ ಬಿದ್ದಿದ್ದರೆ ನಾಯಿ ಅಥವಾ ಮುಂಗುಸಿ. ಜಾಲರಿ ಹರಿದಿದ್ದರೆ ನಾಯಿ, ಹರಿಯದೆ ಇದ್ದರೆ ಇನ್ನೊಂದು. ಬಟ್ಟಲಾಕಾರದಲ್ಲಿ ಪುಕ್ಕ ಒಂದೇ ಕಡೆ ಚೆಲ್ಲಿದ್ದರೆ ಗಿಡುಗ. ಮೊಟ್ಟೆ ಚಿಪ್ಪೂ ಇಲ್ಲದೆ ಮಾಯವಾದರೆ ಹಾವಿನ ಕಡೆ ಅನುಮಾನ, ಚಿಪ್ಪು ಉಳಿದಿದ್ದರೆ ಹೆಗ್ಗಣ, ಮುಂಗುಸಿ, ಕಾಗೆ. ಗುರುತು ಹತ್ತಿದರೆ ಯಾವ ಸಂದು ಮುಚ್ಚಬೇಕು ಅನ್ನುವುದು ತಿಳಿಯುತ್ತದೆ.

ಚಳಿಯಲ್ಲಿ ಮರಿ ಬಂದರೆ

ಬಿಸಿಯ ಬಗ್ಗೆ ಮೇಲೆ ಹೇಳಿದ್ದು ಯಾವುದೂ ಮರಿಗಳಿಗೆ ಸಲ್ಲುವುದಿಲ್ಲ. ಅವಕ್ಕೆ ಬಿಸಿ ಬೇಕೇ ಬೇಕು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ, ಆರು ವಾರದ ಹೊತ್ತಿಗೆ ಪುಕ್ಕ ತುಂಬಿಕೊಂಡು ಬಿಸಿ ಬೇಡವಾಗುತ್ತದೆ. ಬಲ್ಬಿಗಿಂತ, ಮರಿಗಳು ಅಡಿಯಲ್ಲಿ ನುಸುಳಿ ಕೂರುವಂಥ ಬಿಸಿ ಫಲಕ ಒಳ್ಳೆಯದು. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿ. ಒಂದರ ಮೇಲೊಂದು ಬಿದ್ದು ಚೀಂವ್‌ಗುಟ್ಟುತ್ತಿದ್ದರೆ ಚಳಿ, ಬಾಯಿ ತೆರೆದು ಅಂಚಿಗೆ ಹೋಗಿದ್ದರೆ ಸೆಕೆ.

ಕಾವಿಗೆ ಕೂತ ಹೇಂಟೆ ಇದ್ದರೆ ಈ ಯಾವ ಲೆಕ್ಕವೂ ಬೇಡ, ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ನೀವು ಮಾಡಬೇಕಾದದ್ದು ಇಷ್ಟು. ತಾಯಿ ಮರಿ ಇರುವ ಕಡೆ ಜಾಲರಿಯ ಕೆಳಗಿನ ಒಂದಡಿಗೆ ಹಲಗೆ ಹೊಡೆಯಿರಿ. ಗಾಳಿಯೂ ತಪ್ಪುತ್ತದೆ, ಜಾಲರಿಗೆ ಒರಗಿ ಮಲಗಿದ ಮರಿಯ ಕಾಲನ್ನು ಹೊರಗಿನಿಂದ ಹೆಗ್ಗಣ ಎಳೆಯುವುದೂ ತಪ್ಪುತ್ತದೆ.